ಮಧ್ಯಾಹ್ನ ಮೂರರ ರಾತ್ರಿಯೂಟ

ನಾನು ವಿದೇಶಕ್ಕೆ ಹೋಗಿ ಬಂದವನು ಎಂಬುದು ಖಾನಾಪುರದ ಬಸ್ ನಿಲ್ದಾಣದ ಚಹಾದಂಗಡಿಯವನಿಗೂ ಗೊತ್ತು. ನಾನೇ ಹೇಳಿದ್ದೇನೆ, ಒಂದು ಸಲವಲ್ಲ. ದಿನಾ ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗಿ, ಕಾಲೇಜಿನ ಮೈದಾನದಲ್ಲಿ ಸೀಟಿ ಊದಿ, ಸಂಜೆಗೆ ಅದೇ ಬಸ್ಸಿನಲ್ಲಿ ತೂಕಡಿಸುತ್ತ ಮರಳುವ ದೈಹಿಕ ಶಿಕ್ಷಣದ ಮಾಸ್ತರನಿಗೆ ನೆದರ್ಲೆಂಡ್ಸ್‌ಗೆ ಹೋಗುವ ಯೋಗ ಬಂದರೆ ಬಾಯಿ ಮುಚ್ಚಿಕೊಂಡು ಇರಲಾದೀತೇ? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆಯನ್ನು ನನ್ನ ಹೆಂಡತಿ ಆ ತಿಂಗಳು ನನ್ನೆದುರಿಗೇ ಮೂರು ಸಲ ಬಳಸಿದಳು.

ಅದು ಹತ್ತು ದಿನಗಳ ಅಧ್ಯಯನ ಪ್ರವಾಸ. ನಮ್ಮ ಕಾಲೇಜಿನ ಹುಡುಗಿಯರ ಹಾಕಿ ತಂಡ, ಇಂಗ್ಲಿಷ್ ವಿಭಾಗದ ಒಬ್ಬ ಮೇಡಂ ಮತ್ತು ನಾನು. ಅಲ್ಲಿಯ ಒಂದು ಸಣ್ಣ ಊರಿನಲ್ಲಿ ಉಳಿದು, ಅವರು ಮೈದಾನ ಹೇಗೆ ಕಾಪಾಡುತ್ತಾರೆ, ಆಟಗಾರರಿಗೆ ಏನು ತಿನ್ನಿಸುತ್ತಾರೆ, ಎಷ್ಟು ಹೊತ್ತು ಮಲಗಿಸುತ್ತಾರೆ ಎಂಬುದನ್ನೆಲ್ಲ ನೋಡಿ, ಬರೆದುಕೊಂಡು, ನಡುವೆ ಅವರೊಂದಿಗೆ ಒಂದು ಸ್ನೇಹದ ಪಂದ್ಯವನ್ನೂ ಆಡಿ ಬರಬೇಕಿತ್ತು. ಇದಕ್ಕಾಗಿ ನಾನು ವಿಶೇಷ ತಯಾರಿ ಮಾಡಿಕೊಂಡೆ. ಮನೆಯ ಹಳೆಯ ಪರದೆಯ ಬಟ್ಟೆಯಲ್ಲಿ ಹೆಂಡತಿಯಿಂದ ಒಂದು ಚೀಲ ಹೊಲಿಸಿದೆ. ದಿನಾ ಬೆಳಿಗ್ಗೆ ನಾಷ್ಟಾ ಆದ ಕೂಡಲೇ ಎಲ್ಲರ ಮೊಬೈಲು ಆ ಚೀಲಕ್ಕೆ. ರಾತ್ರಿ ಊಟವಾದ ಮೇಲೆ ಮರಳಿ ಅವರ ಕೈಗೆ. ಅಧ್ಯಯನಕ್ಕೆ ಬಂದವರು ಫೋಟೊ ತೆಗೆಯುತ್ತ ನಿಲ್ಲಬಾರದು ಎಂಬುದು ನನ್ನ ಸಿದ್ಧಾಂತ. ನನ್ನ ಮೊಬೈಲು ಮಾತ್ರ ನನ್ನ ಜೇಬಿನಲ್ಲೇ ಇರುತ್ತಿತ್ತು, ಫೋಟೊ ತೆಗೆಯಲು.

ತಂಡದ ಗೋಲ್‌ಕೀಪರ್ ಪಾರಿಶ್ವಾಡದ ಹುಡುಗಿ. ಜೈನರ ಮನೆತನ, ಹೊಲ-ಗದ್ದೆ ಇದ್ದವರು. ಎರಡು ವರ್ಷದಿಂದ ಬೆಳಗಾವಿಯ ಹಾಸ್ಟೆಲಿನಲ್ಲಿದ್ದಳು. ಮಾತು ಕಡಿಮೆ, ಕಣ್ಣು ಚುರುಕು. ಅವಳ ಮೇಲೆ ನನಗೊಂದು ಸಿಟ್ಟಿತ್ತು. ಅಭ್ಯಾಸ ಆರೂವರೆಯವರೆಗೆ ಇದ್ದರೂ ಈಕೆ ಐದೂ ಮುಕ್ಕಾಲಿಗೆ ಪ್ಯಾಡು ಬಿಚ್ಚಿಟ್ಟು ಹಾಸ್ಟೆಲಿಗೆ ಓಡುತ್ತಿದ್ದಳು. ಹೊತ್ತು ಮುಳುಗುವ ಮೊದಲು ಉಣ್ಣಬೇಕು, ಅದು ಮನೆಯ ನೇಮ. ಅಡುಗೆಯಾಕೆ ಅವಳಿಗಾಗಿ ಬೇಗ ಬಡಿಸುತ್ತಿದ್ದಳಂತೆ. ಉಳಿದ ಮುಕ್ಕಾಲು ಗಂಟೆ ನಮ್ಮ ಗೋಲು ಬಾಗಿಲಿಲ್ಲದ ಮನೆಯಾಗಿರುತ್ತಿತ್ತು. ನಾನು ಒಂದೆರಡು ಸಲ ಗೊಣಗಿದೆ. ಅವಳು ತಲೆ ತಗ್ಗಿಸಿ ನಿಂತು ಕೇಳಿ, ಮರುದಿನ ಐದೂ ಮುಕ್ಕಾಲಿಗೆ ಮತ್ತೆ ಓಡಿದಳು.

ಪ್ರವಾಸಕ್ಕೆ ಕಳಿಸುವುದೋ ಬೇಡವೋ ಎಂಬ ತೀರ್ಮಾನ ಅವಳ ತಂದೆಯ ಕೈಯಲ್ಲಿರಲಿಲ್ಲ, ಅಜ್ಜಿಯ ಕೈಯಲ್ಲಿತ್ತು. ಒಂದು ಸಂತೆಯ ದಿನ ಆ ಅಜ್ಜಿ ಮಗನನ್ನು ಕರೆದುಕೊಂಡು ಖಾನಾಪುರದ ನಮ್ಮ ಮನೆಗೇ ಬಂದಳು. ಎಂಬತ್ತರ ಹತ್ತಿರದ ವಯಸ್ಸು, ಬಿಳಿ ಸೀರೆ, ಕೈಯಲ್ಲಿ ಸಂತೆಯ ಚೀಲ. ಹೆಂಡತಿ ಚಹಾ ಮಾಡಲು ಹೋದರೆ ಬೇಡವೆಂದು ಬರೀ ಕಾಯಿಸಿದ ನೀರು ಕುಡಿದಳು.

"ಸರ್ರ, ಆಕೀನ ಎಲ್ಲಿ ಬೇಕಾದಲ್ಲಿ ಕರಕೊಂಡ ಹೋಗ್ರಿ," ಎಂದಳು. "ಆಡ್ಲಿ, ಬೀಳ್ಲಿ, ಮೊಣಕಾಲು ಕೆತ್ತಿಸಿಕೊಳ್ಳಲಿ. ಹೊತ್ತ ಮುಳುಗಿದ ಮ್ಯಾಲೆ ಮಾತ್ರ ಉಣಬಾರದು. ಅದೊಂದು ಮಾತು ಕೊಡ್ರಿ. ಅದು ತಪ್ಪಿದ್ರ ಮತ್ತ ಆಕಿ ಕೈಯಾಗ ಆ ಬಡಿಗಿ ಇರೂದಿಲ್ಲ."

ಬಡಿಗಿ ಎಂದರೆ ಹಾಕಿ ಸ್ಟಿಕ್ಕು. ಮಗ ಪಕ್ಕದಲ್ಲಿ ಕುಳಿತು ನೆಲ ನೋಡುತ್ತಿದ್ದ.

"ಕೊಟ್ಟೆ ತೊಗೋರಿ," ಎಂದೆ. "ಆಕಿ ಊಟದ ಜವಾಬ್ದಾರಿ ನಂದು."

ನಾನು ಅಷ್ಟು ಧಾರಾಳವಾಗಿ ಮಾತು ಕೊಡಲು ಕಾರಣವಿತ್ತು. ಹಿಂದಿನ ದಿನವೇ ನೋಡಿಕೊಂಡಿದ್ದೆ, ಜೂನ್ ತಿಂಗಳಲ್ಲಿ ಆ ದೇಶದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ. ಇಷ್ಟು ಅಗ್ಗದ ವಚನವನ್ನು ಯಾವ ಮಾಸ್ತರನೂ ಕೊಟ್ಟಿರಲಿಕ್ಕಿಲ್ಲ.

ಹೊರಡುವ ದಿನ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಎಲ್ಲರ ಮನೆಯವರೂ ಕುಂದಾ ಡಬ್ಬಿ ಹಿಡಿದು ನಿಂತಿದ್ದರು, ಅಲ್ಲಿಯ ಜನರಿಗೆ ಕೊಡಲೆಂದು. ಹಾಲಿನ ಪದಾರ್ಥ ಆ ದೇಶದೊಳಗೆ ಬಿಡುವುದಿಲ್ಲ ಎಂದು ನಾನು ಹದಿನೈದು ದಿನ ಮೊದಲೇ ಚೀಟಿ ಬರೆದು ಕಳಿಸಿದ್ದೆ. ಬೆಳಗಾವಿಯವರು ಕುಂದಾವನ್ನು ಹಾಲಿನ ಪದಾರ್ಥವೆಂದು ಎಣಿಸುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಒಳಗೆ ಹೋಗುವ ಮೊದಲು ಬಾಗಿಲಲ್ಲೇ ನಿಂತು ನಾವು ಎಷ್ಟಾಗುತ್ತದೋ ಅಷ್ಟು ತಿಂದೆವು. ಉಳಿದದ್ದನ್ನು ಕಳಿಸಲು ಬಂದವರು ತಿಂದರು. ಗೋಲ್‌ಕೀಪರ್ ಹುಡುಗಿಯ ಬಳಿ ಮಾತ್ರ ಕುಂದಾ ಇರಲಿಲ್ಲ. ಎರಡು ದೊಡ್ಡ ಡಬ್ಬಿ ತುಂಬ ಖಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಅವಲಕ್ಕಿ ಇದ್ದವು. ಅಜ್ಜಿ ನನ್ನ ಚೀಟಿಯನ್ನು ಓದಿಸಿ ಕೇಳಿದ್ದಳು.

ಮೊದಲ ದಿನ ಬೆಳಿಗ್ಗೆ ನಾಷ್ಟಾ ಮುಗಿಸಿ ನಾನು ಚೀಲ ಹಿಡಿದು ನಿಂತೆ. ಒಬ್ಬೊಬ್ಬರೇ ತಮ್ಮ ಜೀವವನ್ನೇ ಹಾಕುವವರಂತೆ ಮೊಬೈಲು ಹಾಕಿದರು. ಗೋಲ್‌ಕೀಪರ್ ತನ್ನದನ್ನು ಹಾಕಿ, ಅಲ್ಲೇ ನಿಂತಳು.

"ಸರ್ರ, ಮಧ್ಯಾಹ್ನ ಮೂರಕ್ಕ ಹತ್ತು ನಿಮಿಷ ಫೋನ್ ಕೊಡ್ತೀರೇನ್ರಿ? ರೊಟ್ಟಿನೂ ಆಗ ತಿಂದಬಿಡ್ತೇನಿ. ಅಲ್ಲಿ ಆಗ ಆರೂವರಿ ಆಗಿರತೈತ್ರಿ. ಅಜ್ಜಿ ಕಾಯ್ತಾಳ."

"ಮೂರಕ್ಕ ಯಾರ ರಾತ್ರಿ ಊಟ ಮಾಡ್ತಾರವಾ?" ಎಂದೆ. "ಇಲ್ಲಿ ಹತ್ತರತನಕ ಹೊತ್ತ ಮುಳುಗೂದಿಲ್ಲ. ಪಾರಿಶ್ವಾಡದ ಸೂರ್ಯನ್ನ ಗಂಟು ಕಟ್ಟಿಕೊಂಡು ಬಂದೀಯೇನು? ಎಲ್ಲಾರ ಜೋಡಿ ಏಳಕ್ಕ ಉಣ್ಣು, ಆಮ್ಯಾಲೆ ಫೋನ್ ಮಾಡು."

ಎಲ್ಲರೂ ನಕ್ಕರು. ನಾನೂ ನಕ್ಕೆ, ನನ್ನ ಮಾತು ನನಗೇ ಚೆನ್ನಾಗಿ ಕಂಡಿತು. ಅವಳೂ ಸ್ವಲ್ಪ ನಕ್ಕು ಹೋದಳು. ಅಲ್ಲಿ ಏಳು ಎಂದರೆ ನಮ್ಮಲ್ಲಿ ರಾತ್ರಿ ಹತ್ತೂವರೆ. ಆ ಹೊತ್ತಿಗೆ ಪಾರಿಶ್ವಾಡದ ಯಾವ ಅಜ್ಜಿ ಎದ್ದಿರುತ್ತಾಳೆ ಎಂದು ನಾನು ಯೋಚಿಸಲಿಲ್ಲ.

ನಾಲ್ಕು ದಿನ ಚೆನ್ನಾಗಿಯೇ ಹೋದವು. ಹುಲ್ಲಿನ ಹಾಗೆ ಕಾಣುವ, ಹುಲ್ಲಲ್ಲದ ಮೈದಾನಗಳನ್ನು ನೋಡಿದೆವು. ಅಲ್ಲಿ ಆಟಕ್ಕೆ ಮೊದಲು ಮೈದಾನಕ್ಕೆ ನೀರು ಹೊಡೆಯುತ್ತಾರೆ. ನಮ್ಮಲ್ಲಿ ನೀರು ನಿಂತರೆ ಆಟ ನಿಲ್ಲಿಸುತ್ತೇವೆ ಎಂದು ಖಾನಾಪುರದ ನಮ್ಮ ಕ್ಯಾಪ್ಟನ್ ಹುಡುಗಿ ಬರೆದುಕೊಂಡಳು. ಅಜ್ಜಂದಿರು ಸಹ ಸೈಕಲ್ ಮೇಲೆ ಬಂದು ಕ್ಲಬ್ಬಿನ ಕಸ ಗುಡಿಸಿ ಹೋಗುವುದನ್ನು ಕಂಡು ನಾನು ಮೂರು ಪುಟ ಬರೆದೆ. ಊಟದ್ದೊಂದೇ ತೊಂದರೆ. ಆ ದೇಶದಲ್ಲಿ ಬಟಾಟೆ ಇಲ್ಲದ ತಾಟನ್ನು ನಾನು ಕಾಣಲಿಲ್ಲ. ಬೇಯಿಸಿದ ಬಟಾಟೆ, ಕರಿದ ಬಟಾಟೆ, ಅರೆದ ಬಟಾಟೆ. ಗೋಲ್‌ಕೀಪರ್ ನೆಲದೊಳಗೆ ಬೆಳೆಯುವ ಗಡ್ಡೆಯನ್ನು ಮುಟ್ಟುವವಳಲ್ಲ. ಅವಳು ಏಳು ಗಂಟೆಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಎಲ್ಲರ ನಡುವೆ ಕುಳಿತು ತನ್ನ ರೊಟ್ಟಿ ಮುರಿದು ತಿನ್ನುತ್ತಿದ್ದಳು. ನಾನು ದಿನಾ ಕಿಟಕಿಯ ಕಡೆ ಕೈಮಾಡಿ, "ನೋಡವಾ, ಹೊತ್ತು ಇನ್ನೂ ನೆತ್ತಿ ಮ್ಯಾಲ ಐತಿ, ನನ್ನ ಮಾತು ಉಳೀತು," ಎನ್ನುತ್ತಿದ್ದೆ. ಮೇಡಂ ಒಮ್ಮೆ, "ಸರ್, ಸೂರ್ಯ ಇಷ್ಟು ಹೊತ್ತು ಇರೋದಕ್ಕೂ ನಿಮಗೂ ಸಂಬಂಧ ಇಲ್ಲ," ಎಂದರು.

ಒಂದು ವಿಷಯ ನಾನು ನೋಡಿದ್ದೆ, ಆದರೆ ಕೇಳಿರಲಿಲ್ಲ. ಅವಳು ದಿನಾ ಬೆಳಿಗ್ಗೆ ಒಂದು ರೊಟ್ಟಿ ಡಬ್ಬಿಯನ್ನು ಕಿಟ್ ಚೀಲದಲ್ಲಿ ಹಾಕಿಕೊಂಡು ಹೊರಡುತ್ತಿದ್ದಳು. ಸಂಜೆ ಅದನ್ನು ತುಂಬಿದಂತೆಯೇ ಮರಳಿ ತರುತ್ತಿದ್ದಳು.

ಐದನೆಯ ದಿನ ಮಧ್ಯಾಹ್ನ ಮೂರೂವರೆಗೆ ಸ್ನೇಹದ ಪಂದ್ಯ. ಅದಕ್ಕೂ ಮೊದಲು ಆಟಗಾರರ ಆಹಾರದ ಬಗ್ಗೆ ಒಂದು ಪಾಠವಿತ್ತು. ಎತ್ತರದ ಹೆಣ್ಣುಮಗಳೊಬ್ಬಳು ಪರದೆಯ ಮೇಲೆ ಚಿತ್ರ ತೋರಿಸುತ್ತ, ಪಂದ್ಯಕ್ಕೆ ಮೂರು ಗಂಟೆ ಮೊದಲೇ ಹೊಟ್ಟೆತುಂಬ ಊಟ ಮುಗಿದಿರಬೇಕು, ಅನಂತರ ಭಾರವಾದದ್ದೇನನ್ನೂ ತಿನ್ನಬಾರದು ಎಂದು ವಿವರಿಸಿದಳು. ನಾನು ಮುಂದಿನ ಸಾಲಿನಲ್ಲಿ ಕುಳಿತು ಅದರ ಕೆಳಗೆ ಎರಡು ಗೆರೆ ಎಳೆದೆ. ಪಾಠ ಮುಗಿದು ಹುಡುಗಿಯರು ಬಟ್ಟೆ ಬದಲಿಸಲು ಹೋದಾಗ ನನ್ನ ಜೇಬು ನಡುಗಿತು. ಪಾರಿಶ್ವಾಡದಿಂದ, ಗೋಲ್‌ಕೀಪರಿನ ತಂದೆ.

"ಸರ್ರ, ಹೇಳಬ್ಯಾಡ ಅಂತ ಅವ್ವ ಹೇಳ್ಯಾಳ. ಆದ್ರೂ ಹೇಳಾಕತ್ತೇನ್ರಿ. ನಾಕ ದಿನ ಆತು, ಅವ್ವ ಸಂಜಿ ಮುಂದ ಉಂಡಿಲ್ಲ."

"ಯಾಕ್ರೀ? ಆರಾಮ ಇಲ್ಲೇನು?"

"ಆರಾಮ ಅದಾಳ್ರಿ. ಮಗಳು ಬೆಳಗಾವಿ ಹಾಸ್ಟೆಲ್ಲಿಗೆ ಹೋದಾಗಿಂದ ಒಂದ ರೂಢಿ ಐತ್ರಿ. ದಿನಾ ಆರಕ್ಕ ಆಕಿ ಫೋನ್ ಮಾಡಿ ಉಂಡೆ ಅಂತಾಳ, ಆಮ್ಯಾಲೆ ಅವ್ವ ತಾಟಿನ ಮುಂದ ಕೂಡ್ತಾಳ. ಮೊಮ್ಮಗಳು ಉಂಡ ಸುದ್ದಿ ಬರೂತನಾ ಅವ್ವ ಉಣ್ಣೂದಿಲ್ಲ. ಈಗ ಆ ಸುದ್ದಿ ಬರೂದರಾಗ ಇಲ್ಲಿ ಹೊತ್ತ ಮುಳುಗಿರತೈತಿ. ಹೊತ್ತ ಮುಳುಗಿದ ಮ್ಯಾಲೆ ಅವ್ವ ಹನಿ ನೀರೂ ಮುಟ್ಟೂದಿಲ್ಲ. ಇವತ್ತ ಮುಂಜಾನಿ ಬಸದಿ ಕಟ್ಟಿ ಮ್ಯಾಲ ಚಕ್ಕರ್ ಬಂದು ಕುಂತಬಿಟ್ಲು."

ಎರಡು ವರ್ಷ ಐದೂ ಮುಕ್ಕಾಲಿಗೆ ಆ ಹುಡುಗಿ ಓಡಿದ್ದು ತನ್ನ ಹೊಟ್ಟೆಗಾಗಿ ಎಂದು ನಾನು ಗೊಣಗಿದ್ದೆ. ಮೂರು ಗಂಟೆಗೆ ಫೋನು ಕೇಳಿದಾಗ ನಾನು ಸೂರ್ಯನನ್ನು ತೋರಿಸಿ ನಗಿಸಿದ್ದೆ. ನನಗೆ ನಾಚಿಕೆಯಾಯಿತು.

"ಮಗಳಿಗೆ ಹೇಳಬ್ಯಾಡ್ರಿ, ಮ್ಯಾಚ್ ಐತಿ," ಎಂದ ಆತ. "ನೀವ ಒಂದ ಮಾತು ಅವ್ವಗ, ಆಕಿ ಉಂಡಾಳ ಅಂತ ಅಂದಬಿಡ್ರಿ. ನೀವಂದ್ರ ನಂಬತಾಳ."

ಸುಳ್ಳು ಹೇಳುವುದು ನನಗೆ ಹೊಸದಲ್ಲ. ಹಾಜರಾತಿ ಕಡಿಮೆಯಿದ್ದ ಎಷ್ಟೋ ಆಟಗಾರರ ಬಗ್ಗೆ ಪ್ರಾಂಶುಪಾಲರಿಗೆ ಹೇಳಿದ್ದೇನೆ. ಮಗ ಫೋನನ್ನು ತಾಯಿಯ ಕೈಗೆ ಕೊಟ್ಟ. ನಾನು ಗಂಟಲು ಸರಿಮಾಡಿಕೊಂಡೆ.

"ಅಜ್ಜಿ, ನಾನ್ರಿ, ಸರ್. ಮೊಮ್ಮಗಳದು ಊಟ ಆತ್ರಿ. ಹೊಟ್ಟಿತುಂಬ ಉಂಡಾಳ. ನೀವೂ ಉಣ್ರಿ."

"ಹೌದ್ರಿ? ಚಲೋ ಆತು. ಏನ ಉಂಡ್ಲು?"

ಈ ಪ್ರಶ್ನೆಗೆ ನಾನು ತಯಾರಿ ಮಾಡಿರಲಿಲ್ಲ. ಐದು ದಿನದಿಂದ ನನ್ನ ಕಣ್ಣೆದುರಿಗೆ ಇದ್ದದ್ದು ಒಂದೇ ಪದಾರ್ಥ. ನಾಲಿಗೆ ತಾನೇ ಹೊರಳಿತು.

"ಬಟಾಟಿ ಪಲ್ಯಾರಿ," ಎಂದೆ.

ಪಾರಿಶ್ವಾಡದ ಯಾವುದೋ ಹಿತ್ತಲಿನಲ್ಲಿ ಎಮ್ಮೆಯೊಂದು ಕೂಗಿದ್ದು ನನಗೆ ಕೇಳಿಸಿತು.

"ಸರ್ರ," ಎಂದಳು ಅಜ್ಜಿ, ಸಾವಕಾಶವಾಗಿ. "ನನ್ನ ಮೊಮ್ಮಗಳು ಬಟಾಟಿ ತಿಂದ್ಲಂದ್ರ ನಾ ನಂಬೂದಿಲ್ಲ. ಸರ್ ಸುಳ್ಳ ಹೇಳಿದ್ರಂದ್ರ ನಂಬತೇನಿ."

"ತಪ್ಪಾತ್ರಿ ಅಜ್ಜಿ."

"ಇರ್ಲಿ ಬಿಡ್ರಿ. ನನ್ನ ಮಗ ಹೇಳಿಸಿರಬೇಕು, ಅವಂಗೂ ಸುಳ್ಳು ಹೇಳಾಕ ಬರೂದಿಲ್ಲ. ನಾ ಏನ್ ನೇಮ ಹಿಡಿದಿಲ್ರಿ. ಆಕಿ ಉಂಡಾಳೋ ಇಲ್ಲೋ ಅಂತ ಗೊತ್ತಿಲ್ಲದ ನನಗ ತುತ್ತು ಇಳಿಯೂದಿಲ್ಲ, ಅಷ್ಟ. ಆಕಿ ಆಡ್ಲಿ. ಹೇಳಬ್ಯಾಡ್ರಿ ಆಕೀಗ."

ಗಡಿಯಾರ ನೋಡಿದೆ. ಎರಡೂ ಮುಕ್ಕಾಲು. ಪಾರಿಶ್ವಾಡದಲ್ಲಿ ಆರೂ ಕಾಲು. ಸೂರ್ಯ ಮುಳುಗಲು ಅಲ್ಲಿ ಮುಕ್ಕಾಲು ಗಂಟೆ ಉಳಿದಿತ್ತು, ಪಂದ್ಯ ಶುರುವಾಗಲು ಇಲ್ಲಿಯೂ ಅಷ್ಟೇ.

"ಅಜ್ಜಿ, ತಾಟು ಹಾಕಿಸ್ರಿ," ಎಂದೆ. "ಈ ಸಲ ಸುಳ್ಳಲ್ಲ. ನೀವ ಕಣ್ಣಿಲೆ ನೋಡೀರಂತ."

ಚೀಲ ಹೊತ್ತು ಮೈದಾನಕ್ಕೆ ಓಡಿದೆ. ನಲವತ್ತೆಂಟರ ವಯಸ್ಸಿನಲ್ಲಿ ಓಡುವುದು ಚಂದವಲ್ಲ, ಅದೂ ಮೊಬೈಲುಗಳು ಎದೆಗೆ ಬಡಿಯುತ್ತಿರುವಾಗ. ಗೋಲ್‌ಕೀಪರ್ ಆಗಲೇ ಪ್ಯಾಡು, ಎದೆಕವಚ ಎಲ್ಲ ತೊಟ್ಟು ಬೀರುವಿನಷ್ಟು ಅಗಲವಾಗಿ ನಿಂತಿದ್ದಳು. ನಾನು ಅವಳ ಮೊಬೈಲನ್ನು ಹುಡುಕಿ ಕೈಗಿಟ್ಟೆ.

"ಡಬ್ಬಿ ತಗಿ. ಉಣ್ಣು. ಅಜ್ಜಿಗೆ ಫೋನ್ ಮಾಡು, ಮಾರಿ ಕಾಣೂ ಹಂಗ."

ಅವಳು ನನ್ನ ಮುಖ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಗೋಲಿನ ಹಿಂದೆ ಕುಳಿತು ಕೈಗವಸು ಬಿಚ್ಚಿ ಡಬ್ಬಿ ತೆಗೆದಳು. ಮೇಡಂ ಮೊಬೈಲನ್ನು ಗೋಲಿನ ಬಲೆಗೆ ಒರಗಿಸಿ ನಿಲ್ಲಿಸಿದರು. ತೆರೆಯ ಮೇಲೆ ಪಾರಿಶ್ವಾಡದ ಅಡುಗೆಮನೆ, ಕಿಟಕಿಯಿಂದ ಬಂದ ಇಳಿಬಿಸಿಲು, ತಾಟಿನ ಮುಂದೆ ಅಜ್ಜಿ.

"ಇದೇನ ವೇಷ?" ಎಂದಳು ಅಜ್ಜಿ, ಮೊಮ್ಮಗಳನ್ನು ಕಂಡು.

"ಇದನ್ನ ಹಾಕ್ಕೊಂಡ ಆಡೂದು ಅಜ್ಜಿ. ನೀ ಉಣ್ಣು."

"ನೀ ಮೊದಲ."

ಹುಡುಗಿ ರೊಟ್ಟಿ ಮುರಿದು ಬಾಯಿಗಿಟ್ಟಳು. ಅದರ ಸದ್ದು ಕೇಳಿದ ಮೇಲೆಯೇ ಅಜ್ಜಿ ತುತ್ತು ಕಲಸಿದಳು. ಹುಡುಗಿಯ ಕಣ್ಣಲ್ಲಿ ನೀರಿತ್ತು, ಆದರೆ ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ.

ಕ್ಯಾಪ್ಟನ್ ಹುಡುಗಿ ಬಂದು ಒಂದು ರೊಟ್ಟಿ ಎತ್ತಿಕೊಂಡಳು. ಹಿಂದೆಯೇ ಇನ್ನೊಬ್ಬಳು. ನೋಡುನೋಡುತ್ತ ಇಡೀ ತಂಡ ಗೋಲಿನ ಹಿಂದೆ ಪಂಕ್ತಿ ಕುಳಿತಿತ್ತು. ಎದುರಾಳಿಗಳ ತರಬೇತುದಾರ ಬಂದು ಇದೇನೆಂದು ವಿಚಾರಿಸಿದ. ರಾತ್ರಿಯೂಟ ಎಂದು ಮೇಡಂ ಇಂಗ್ಲಿಷಿನಲ್ಲಿ ಹೇಳಿದರು. ಆತ ಒಮ್ಮೆ ಆಕಾಶ ನೋಡಿದ, ಒಮ್ಮೆ ಗಡಿಯಾರ ನೋಡಿದ, ಆಮೇಲೆ ತಾನೂ ಒಂದು ತುಂಡು ಇಸಿದುಕೊಂಡ. ಆಗಷ್ಟೇ ಪಾಠ ಮಾಡಿದ್ದ ಎತ್ತರದ ಹೆಣ್ಣುಮಗಳು ದೂರದಿಂದ ನೋಡುತ್ತಿದ್ದಳು. ನಾನು ಎರಡು ಗೆರೆ ಎಳೆದಿದ್ದ ಟಿಪ್ಪಣಿ ಪುಸ್ತಕವನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಪಂದ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಟ್ಟೆ ಭಾರವಾದ ತಂಡ ಹೇಗೆ ಓಡಬೇಕೋ ಹಾಗೆ ಓಡಿತು. ಆರು ಗೋಲಿನಿಂದ ಸೋತೆವು. ಏಳನೆಯದು ಗೋಲ್‌ಕೀಪರಿನ ಹೊಟ್ಟೆಗೇ ಬಡಿದು ಹೊರಗೆ ಹೋಯಿತು. ಅದನ್ನು ನಮ್ಮವರು ಗೆದ್ದಷ್ಟೇ ಗದ್ದಲದಿಂದ ಆಚರಿಸಿದರು.

ಉಳಿದ ದಿನ ನಾವೆಲ್ಲ ಮೂರು ಗಂಟೆಗೆ ಎಲ್ಲಿದ್ದರೆ ಅಲ್ಲಿ ಕುಳಿತು ರಾತ್ರಿಯೂಟ ಮಾಡಿದೆವು. ವಸ್ತುಸಂಗ್ರಹಾಲಯದ ಮೆಟ್ಟಿಲಿನ ಮೇಲೆ ಒಮ್ಮೆ, ರೈಲಿನಲ್ಲಿ ಒಮ್ಮೆ. ಏಳಕ್ಕೆ ಮತ್ತೆ ಹಸಿವಾಗುತ್ತಿತ್ತು. ಗೋಲ್‌ಕೀಪರ್ ಕಿಟಕಿಯಿಂದ ಹೊರಗೆ ನೋಡಿ, ಹೊತ್ತು ಮುಳುಗಿಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಮ್ಮೆ ಉಣ್ಣುತ್ತಿದ್ದಳು. "ಒಂದ ಊಟ ಅಜ್ಜಿ ಸೂರ್ಯಾಂದು, ಒಂದ ಊಟ ಸರ್ ಸೂರ್ಯಾಂದು," ಎಂದು ಕ್ಯಾಪ್ಟನ್ ಅವಳನ್ನು ಕಾಡಿಸುತ್ತಿದ್ದಳು. ಚೀಲ ನನ್ನ ಕೋಣೆಯಲ್ಲಿ ಖಾಲಿ ಬಿದ್ದಿತ್ತು.

ಊರಿಗೆ ಬಂದ ವಾರದೊಳಗೆ ಅಜ್ಜಿ ಮಗನ ಜೊತೆ ಬೆಳಗಾವಿಗೆ, ನಮ್ಮ ಮೈದಾನಕ್ಕೇ ಬಂದಳು. ಸಂಜೆ ಐದು ದಾಟಿತ್ತು. ಹುಡುಗಿಯರು ಆಡುತ್ತಿದ್ದರು. ಕೈಯಲ್ಲಿ ಬುತ್ತಿ ಗಂಟಿತ್ತು. ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು, "ಮಾತು ಉಳಿಸಿಕೊಂಡ್ರಿ ಸರ್ರ," ಎಂದಳು.

ಆ ಹೊಗಳಿಕೆಯನ್ನು ಸುಮ್ಮನೆ ಇಟ್ಟುಕೊಂಡರೆ ನನಗೆ ನಿದ್ದೆ ಬರುವಂತಿರಲಿಲ್ಲ. ಹೇಳಿಬಿಟ್ಟೆ.

"ಇಲ್ರಿ ಅಜ್ಜಿ. ಆಕಿ ಮೊದಲನೇ ದಿನಾನ ಮೂರಕ್ಕ ಫೋನ್ ಕೇಳಿದ್ಲು. ನಾನ ಕೊಡಲಿಲ್ಲ. ಮ್ಯಾಲೆ ಚ್ಯಾಷ್ಟಿ ಮಾಡಿದೆ. ನೀವು ನಾಕ ದಿನ ಉಪಾಸ ಇದ್ದದ್ದು ನನ್ನಿಂದ."

"ಗೊತ್ತೈತಿ," ಎಂದಳು ಅಜ್ಜಿ. "ಮರುದಿನ ಮುಂಜಾನಿ ಆಕಿ ಫೋನ್ ಮಾಡಿದಾಗ ಎಲ್ಲಾ ಹೇಳಿದ್ಲು. ಸರ್ ಚೀಲದಾಗ ಹಾಕ್ಕೊಂತಾರ ಅಜ್ಜಿ, ಒಂದ ಸುಳ್ಳ ಹೇಳಿ ಫೋನ್ ಕದ್ದ ಇಟಕೊಳ್ಳಲೇನು ಅಂತ ಕೇಳಿದ್ಲು."

"ನೀವೇನಂದ್ರಿ?"

"ಬ್ಯಾಡಂದೆ. ನನ್ನ ಊಟದ ಚಿಂತಿ ನಿನಗ್ಯಾಕ, ನೀ ಅವರಂದಂಗ ಕೇಳು ಅಂದೆ. ಕಲಿಸಾವ್ರ ಮಾತು ಮೀರಬಾರದಂತ ಸಣ್ಣಾಕಿ ಇದ್ದಾಗಿಂದ ನಾನ ಹೇಳಿಕೊಟ್ಟೇನ್ರಿ. ನಾಕ ತುತ್ತಿಗೆ ಅದನ್ನ ಹೆಂಗ ಕೆಡಸ್ಲಿ?"

ನನ್ನ ಕುತ್ತಿಗೆಯಲ್ಲಿ ಸೀಟಿ ತೂಗುತ್ತಿತ್ತು. ಅದನ್ನು ಊದಿ ಅಭ್ಯಾಸ ನಿಲ್ಲಿಸಿದೆ. ಐದೂವರೆಯೂ ಆಗಿರಲಿಲ್ಲ. ಹುಡುಗಿಯರು ಅಚ್ಚರಿಯಿಂದ ನಿಂತು ನೋಡಿದರು. ಗೋಲ್‌ಕೀಪರ್ ಪ್ಯಾಡು ಬಿಚ್ಚುತ್ತ ನಮ್ಮ ಕಡೆ ಬಂದಳು.

ಅಜ್ಜಿ ಪಡುವಣದ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. "ಹೊತ್ತ ಇನ್ನೂ ಐತಿ. ಕುಂದರ್ರಿ," ಎಂದು ಬುತ್ತಿ ಬಿಚ್ಚಿ ಮೂರು ತಾಟು ಇಟ್ಟಳು. ಒಂದು ಮೊಮ್ಮಗಳಿಗೆ, ಒಂದು ತನಗೆ, ಒಂದು ನನಗೆ. ಮಗನಿಗೆ ಡಬ್ಬಿಯ ಮುಚ್ಚಳವೇ ಸಾಕಾಯಿತು.

"ಇದರಾಗ ಬಟಾಟಿ ಇಲ್ರಿ," ಎಂದಳು.

ಹುಡುಗಿ ಕುಳಿತು ಉಣ್ಣತೊಡಗಿದಳು. ಅಜ್ಜಿ ಆದರೂ ತನ್ನ ತಾಟನ್ನು ಮುಟ್ಟಲಿಲ್ಲ. ಏನು ಕಾಯುತ್ತಿದ್ದಾಳೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟ ಮೇಲೆ ಆಕೆ ತನ್ನ ತಾಟನ್ನು ಹತ್ತಿರ ಎಳೆದುಕೊಂಡಳು.